ಕೊಸರಿಲ್ಲದ ಇನ್ನೂರು ಡಬ್ಬಿ

ಗಾಂಗ್‌ಶಾನ್‌ನಲ್ಲಿ ಸ್ಕ್ರೂ ಮಾರುವುದು ಕಿಲೋ ಲೆಕ್ಕದಲ್ಲಿ. ಊರಿಗೆ ಮೊದಲ ಯಂತ್ರ ಬಂದ ದಿನದಿಂದ ಹಾಗೇ. ಗೆಣಸು ತೂಗಿದ ಹಾಗೆ ತೂಗಬೇಕು, ಚೀಲ ಕಟ್ಟಬೇಕು, ಕಾವೋಸಿಯುಂಗ್ ಬಂದರಿನಲ್ಲಿ ಹಡಗಿಗೆ ಹಾಕಿ ಕೈ ತೊಳೆದುಕೊಳ್ಳಬೇಕು. ಆಮೇಲೆ ಅದು ಯಾವ ದೇಶದ ಯಾವ ಬಾಗಿಲಿಗೆ ಹೋಗಿ ಕೂತಿತೋ, ಯಾರ ಹೆಸರಿನಲ್ಲಿ ಮಾರಾಟವಾಯಿತೋ, ಕೇಳುವವರೂ ಇಲ್ಲ, ಹೇಳುವವರೂ ಇಲ್ಲ. ಇಂಥ ಊರಿನಲ್ಲಿ ಐವತ್ತೆರಡು ವರ್ಷದ ವಿಧವೆಯೊಬ್ಬಳು ಎದ್ದು ನಿಂತು, ನನ್ನ ಸ್ಕ್ರೂವನ್ನು ತಕ್ಕಡಿಗೆ ಹಾಕಬೇಡಿ, ಅದಕ್ಕೆ ಒಂದೊಂದಕ್ಕೂ ಬೆಲೆ ಇದೆ ಎಂದಳು. ಜನ ನಗದೆ ಏನು ಮಾಡುತ್ತಾರೆ? ಹೊಟ್ಟೆ ಹಿಡಿದುಕೊಂಡು ನಕ್ಕರು.

ಅವಳು ಚುವಾಂಗ್ ಚಿಂಗ್-ಲಿಯೆನ್. ಓರಗೆಯವರಿಗೆ ಬರೀ ಲಿಯೆನ್, ಕಿರಿಯರಿಗೆ ಲಿಯೆನಕ್ಕ. ಕುಳ್ಳಗೆ, ಗಟ್ಟಿಮುಟ್ಟಾಗಿ, ಅಂಗಿ ಕೊಳೆಯಾಗದಂತೆ ಮೊಣಕೈವರೆಗೆ ಹೂವಿನ ಬಟ್ಟೆಯ ತೋಳುಚೀಲ ಹಾಕಿಕೊಂಡು, ಸದಾ ಯಾರ ಮೇಲಾದರೂ ಸಿಟ್ಟು ಮಾಡಿಕೊಂಡೇ ಇರುತ್ತಿದ್ದಳು. ಸಿಟ್ಟು ಮಾಡಿಕೊಳ್ಳಲು ಅವಳಿಗೆ ಕಾರಣಗಳೂ ಇದ್ದವು. ಮೂವತ್ತೊಂದಕ್ಕೆ ಗಂಡ ಹೋದ. ಇದ್ದೊಬ್ಬ ಮಗಳನ್ನು ಓದಿಸಿ ತೈನಾನ್‌ಗೆ ಮದುವೆ ಮಾಡಿಕೊಟ್ಟಳು. ಇಪ್ಪತ್ತಾರು ವರ್ಷ ಸು ಮನೆತನದ ಕಾರ್ಖಾನೆಯಲ್ಲಿ ಡಬ್ಬಿ ತುಂಬುವ ಮೇಜಿನ ಮುಂದೆ ನಿಂತಿದ್ದಳು. ತಕ್ಕಡಿಗೆ ಸ್ಕ್ರೂ ಸುರಿಯುವುದು, ಮುಳ್ಳು ನಿಂತ ಕೂಡಲೇ ಡಬ್ಬಿಗೆ ಹಾಕುವುದು, ಮೇಲಿಂದ ಐದು ಬೆರಳಿಗೆ ಸಿಕ್ಕಷ್ಟು ಕೊಸರು ಹಾಕಿ ಮುಚ್ಚುವುದು. ಕೊಸರು ಇಲ್ಲದೆ ನಮ್ಮಲ್ಲಿ ಯಾವ ವ್ಯಾಪಾರವೂ ಮುಗಿಯುವುದಿಲ್ಲ. ತರಕಾರಿಯವಳು ಒಂದು ಹಿಡಿ ಈರುಳ್ಳಿ ಸೊಪ್ಪು ಹಾಕುತ್ತಾಳೆ, ಮೀನಿನವನು ಶುಂಠಿ ತುಂಡು ಹಾಕುತ್ತಾನೆ. ಹಾಕದವನ ಅಂಗಡಿಗೆ ಎರಡನೇ ಸಲ ಯಾರೂ ಕಾಲಿಡುವುದಿಲ್ಲ.

ಆ ಕಾರ್ಖಾನೆ ಬಿಟ್ಟಿದ್ದಕ್ಕೆ ಕಾರಣ ಜೇನುಪೆಟ್ಟಿಗೆ.

ಅವಳ ಮನೆಯ ಹಿಂದಿನ ಬೀದಿಯಲ್ಲಿ ಆ-ತೋ ಎಂಬ ಜೇನು ಸಾಕುವವನಿದ್ದ. ಲಾಂಗನ್ ಹಣ್ಣಿನ ಮರಗಳು ಹೂ ಬಿಡುವ ಕಾಲಕ್ಕೆ ನೂರಾರು ಪೆಟ್ಟಿಗೆಗಳನ್ನು ಲಾರಿಗೇರಿಸಿ ಗುಡ್ಡದ ಕಡೆ ಹೋಗುವ ಮನುಷ್ಯ. ಪೆಟ್ಟಿಗೆಗೆ ತೆಳು ಹಲಗೆ ಬೇಕು, ಇಲ್ಲವಾದರೆ ಹೊರುವವನ ಸೊಂಟ ಮುರಿಯುತ್ತದೆ. ಆದರೆ ತೆಳು ಹಲಗೆಯ ತುದಿಗೆ ಸ್ಕ್ರೂ ತಿರುಗಿಸಿದರೆ ಹಲಗೆ ಪಟ್ಟನೆ ಸೀಳುತ್ತದೆ. ಸೀಳಿನಲ್ಲಿ ಇರುವೆ ನುಗ್ಗುತ್ತದೆ, ಜೇನು ಗೂಡು ಬಿಟ್ಟು ಹೋಗುತ್ತದೆ. ಹಾಗಾದಾಗಲೆಲ್ಲ ಆ-ತೋ ಸೀಳಿದ ಹಲಗೆ ಹಿಡಿದುಕೊಂಡು ಲಿಯೆನ್ ಮನೆ ಬಾಗಿಲಿಗೇ ಬರುತ್ತಿದ್ದ.

"ನೋಡಮ್ಮ ತಾಯಿ, ನಿನ್ನ ಸ್ಕ್ರೂ ಮಾಡಿದ ಘನಂದಾರಿ ಕೆಲಸ!"

"ನಾನೇನು ಮಾಡಿದ್ನಾ? ನಾನು ಡಬ್ಬಿ ತುಂಬೋಳು."

"ತುಂಬೋಳಿಗೆ ಬಾಯಿಲ್ವಾ? ಮಾಡೋರಿಗೆ ಹೇಳು!"

ಅವಳು ಹೇಳಿದಳು. ಸು ಮಾಲೀಕರ ತಮ್ಮನ ಮಗ ಆಗತಾನೆ ಎಂಜಿನಿಯರಿಂಗ್ ಮುಗಿಸಿ ಬಂದು ಮೇಲಿನ ಮಹಡಿಯ ಗಾಜಿನ ಕೋಣೆಯಲ್ಲಿ ಕೂತಿದ್ದ. ಲಿಯೆನ್ ಸೀಳಿದ ಹಲಗೆಯನ್ನು ಅವನ ಮೇಜಿನ ಮೇಲಿಟ್ಟು, ಸ್ಕ್ರೂವಿನ ತುದಿಯಲ್ಲಿ ಒಂದು ಸಣ್ಣ ಕಚ್ಚು ಹಾಕಿದರೆ ಮರವನ್ನು ತಳ್ಳುವ ಬದಲು ಕೊರೆದುಕೊಂಡು ಹೋಗಬಹುದಲ್ಲ ಎಂದು ಕೇಳಿದಳು. ಅವನು ಹಲಗೆಯನ್ನು ಬೆರಳ ತುದಿಯಿಂದ ಪಕ್ಕಕ್ಕೆ ಸರಿಸಿದ.

"ಚಿಕ್ಕಮ್ಮ, ತುಂಬೋ ಕೆಲಸ ಕೆಳಗೆ. ಯೋಚ್ನೆ ಮಾಡೋ ಕೆಲಸ ಮೇಲೆ. ನಿಮಗ್ಯಾಕೆ ಇಲ್ಲದ ಉಸಾಬರಿ?"

ಆ ವಾರದ ಕೊನೆಗೆ ಅವಳು ತೋಳುಚೀಲ ಕಳಚಿ ಮಡಚಿಕೊಂಡು ಮನೆಗೆ ಬಂದಳು. ಆಗ ಅವಳಿಗೆ ಐವತ್ತು. ಆ ವಯಸ್ಸಿಗೆ ನಮ್ಮೂರ ಹೆಂಗಸರು ಮೊಮ್ಮಕ್ಕಳನ್ನು ಬೆನ್ನಿಗೆ ಕಟ್ಟಿಕೊಂಡು ದೇವಸ್ಥಾನದ ಮುಂದೆ ಹರಟುತ್ತಿರುತ್ತಾರೆ. ಇವಳು ಕಬ್ಬು ಸಾಗಿಸುವ ರೈಲುಹಳಿಯ ಪಕ್ಕದ ಹಳೆಯ ಹಂದಿಕೊಟ್ಟಿಗೆಯನ್ನು ಬಾಡಿಗೆಗೆ ಹಿಡಿದು, ತಿಕ್ಕಿ ತೊಳೆದು, ಯಾರೋ ಬಿಸಾಕಿದ ಎರಡು ಯಂತ್ರ ತಂದು ಕೂರಿಸಿದಳು. ಜೊತೆಗೆ ಅದೇ ಮೇಜಿನಲ್ಲಿ ದುಡಿದಿದ್ದ ಮಾನ್-ಚು ಎಂಬ ಗೆಳತಿಯನ್ನೂ ಎಳೆದುಕೊಂಡು ಬಂದಳು. ಮಾನ್-ಚುಗೆ ಹೆದರಿಕೆ ಜಾಸ್ತಿ, ಆದರೆ ಲಿಯೆನಕ್ಕನ ಸಿಟ್ಟಿನ ಮುಂದೆ ಉಳಿದ ಹೆದರಿಕೆಯೆಲ್ಲ ಸಣ್ಣದು.

ಎರಡು ವರ್ಷ ಹಿಡಿಯಿತು. ಹಗಲು ಸಾಮಾನ್ಯ ಸ್ಕ್ರೂ ಮಾಡಿ ಹೊಟ್ಟೆಪಾಡು ನೋಡಿಕೊಳ್ಳುವುದು, ಸಂಜೆ ಅರ ಹಿಡಿದು ಒಂದೊಂದು ತುದಿಯನ್ನೂ ಕೈಯಲ್ಲೇ ಉಜ್ಜಿ ಆ-ತೋನ ಹಲಗೆಗೆ ತಿರುಗಿಸಿ ನೋಡುವುದು. ಕಚ್ಚು ಆಳವಾದರೆ ತುದಿ ಮುರಿಯಿತು, ಮೇಲಾದರೆ ಹಲಗೆ ಸೀಳಿತು. ಆಮೇಲೆ ಅವಳಿಗೆ ಹೊಳೆದದ್ದು, ತಪ್ಪು ತುದಿಯದ್ದು ಮಾತ್ರವಲ್ಲ, ಸೊಂಟದ್ದೂ ಹೌದು ಎಂದು. ತಲೆಯ ಕೆಳಗಿನ ಭಾಗವನ್ನು ಸಪೂರ ಮಾಡಿದಳು. ಸುರುಳಿ ಗೆರೆಯನ್ನು ಮೂರರಲ್ಲಿ ಎರಡು ಭಾಗಕ್ಕೇ ನಿಲ್ಲಿಸಿದಳು. ಸಪೂರವಾದದ್ದು ಮುರಿಯಬಾರದೆಂದು ಗಟ್ಟಿ ತಂತಿ ತರಿಸಿದಳು. ಕಡೆಗೆ ಒಂದು ದಿನ ಆ-ತೋ ಬೆರಳು ದಪ್ಪವೂ ಇಲ್ಲದ ಹಲಗೆಯ ಅಂಚಿಗೆ ಸಾಲಾಗಿ ಹನ್ನೆರಡು ಸ್ಕ್ರೂ ತಿರುಗಿಸಿದ. ಹಲಗೆ ಕಮಕ್ ಕಿಮಕ್ ಎನ್ನಲಿಲ್ಲ. ಅವನು ಅದನ್ನು ಬಿಸಿಲಿಗೆ ಹಿಡಿದು ನೋಡಿದ, ಕೂದಲೆಳೆಯಷ್ಟೂ ಬಿರುಕಿಲ್ಲ.

"ಬೈಯೋಕೆ ಏನೂ ಇಲ್ದಂಗೆ ಮಾಡಿಬಿಟ್ಯಲ್ಲೇ ಲಿಯೆನ್" ಎಂದು ಬೇಜಾರು ಮಾಡಿಕೊಂಡ ಆ-ತೋ.

ಪ್ರಪಂಚದಲ್ಲಿ ಇನ್ಯಾವನೋ ಇದನ್ನು ಮೊದಲೇ ಯೋಚಿಸಿದ್ದನೇ? ಇದ್ದರೂ ಇರಬಹುದು. ಹಂದಿಕೊಟ್ಟಿಗೆಗೆ ಅಂಥ ಸುದ್ದಿಗಳು ಬರುವುದಿಲ್ಲ. ಅವಳು ನೋಡಿ ಕಲಿತದ್ದಲ್ಲ, ಉಜ್ಜಿ ಉಜ್ಜಿ ಕಂಡುಕೊಂಡದ್ದು. ಆ ಆಕಾರಕ್ಕೇ ಎರಡು ಅಚ್ಚು ಮಾಡಿಸಿ ಯಂತ್ರಗಳಿಗೆ ಕೂರಿಸಿದಳು.

ಸುದ್ದಿ ಹೋದದ್ದು ತೈಪೆಗೆ. ಒಂದು ಮಧ್ಯಾಹ್ನ ಫಾನ್ ಎಂಬ ವ್ಯಾಪಾರಿ ಬಂದಿಳಿದ. ಗಾಂಗ್‌ಶಾನ್‌ನ ಅರ್ಧ ಸ್ಕ್ರೂ ಅವನ ಮೂಲಕವೇ ಹೊರದೇಶಕ್ಕೆ ಹೋಗುತ್ತಿತ್ತು. ಕೊಟ್ಟಿಗೆಯ ವಾಸನೆಗೆ ಕರವಸ್ತ್ರ ಮೂಗಿಗೆ ಹಿಡಿದೇ ಹಲಗೆ ನೋಡಿದ, ಸ್ಕ್ರೂ ನೋಡಿದ, ತಾನೇ ಎರಡು ತಿರುಗಿಸಿಯೂ ನೋಡಿದ. ಒಂದು ಹಿಡಿ ತೆಗೆದು ತಕ್ಕಡಿಗೆ ಹಾಕಿದಾಗ ಅವನ ಮುಖ ಅರಳಿತು.

"ಮಾಲು ಚೆನ್ನಾಗಿದೆ ಅಮ್ಮಾವ್ರೇ. ಆದ್ರೆ ಹಗುರ! ಬೇರೆಯವ್ರದಕ್ಕಿಂತ ಐದರಲ್ಲಿ ಒಂದು ಪಾಲು ಕಮ್ಮಿ ತೂಗುತ್ತೆ. ಕಿಲೋ ರೇಟು ಅದೇ ಕೊಡ್ತೀನಿ, ಆಯ್ತಾ? ನಮ್ಮ ಕಂಪನಿ ಡಬ್ಬೀಲಿ ಹೋಗುತ್ತೆ. ನೀವು ಸುಮ್ನೆ ಚೀಲದಲ್ಲಿ ತುಂಬಿಕೊಡಿ."

ಲಿಯೆನ್‌ಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಅರ್ಥವಾದಾಗ ಮೈಯೆಲ್ಲ ಉರಿಯಿತು. ಎರಡು ವರ್ಷ ಕೂತು ಬೇಡದ ಕಬ್ಬಿಣವನ್ನೆಲ್ಲ ಅವಳು ಉಜ್ಜಿ ತೆಗೆದಿದ್ದಳು. ಒಳ್ಳೆಯದು ಮಾಡಿದ್ದಕ್ಕೇ ಬೆಲೆ ಕಡಿಮೆ! ಇನ್ನೂ ಒಳ್ಳೆಯದು ಮಾಡಿದರೆ ಇನ್ನೂ ಕಡಿಮೆ!

"ಫಾನ್ ಸಾಹೇಬ್ರೇ, ನಿಮ್ಮನೇಲಿ ವಾಚು ತಗೊಂಡ್ರೆ ತೂಕ ಹಾಕಿಸ್ತೀರಾ?"

"ಅದು ವಾಚು ಅಮ್ಮಾವ್ರೇ. ಇದು ಸ್ಕ್ರೂ."

"ಇದು ನನ್ನ ಸ್ಕ್ರೂ. ಡಬ್ಬೀಲಿ ಐನೂರು, ಡಬ್ಬಿ ಮೇಲೆ ನನ್ನ ಹೆಸ್ರು. ತಕ್ಕಡಿ ಮುಟ್ಟೋ ಹಾಗಿಲ್ಲ. ಬೇಕಾದ್ರೆ ತಗೊಳ್ಳಿ, ಇಲ್ಲಾಂದ್ರೆ ಬಾಗಿಲು ಅಲ್ಲಿದೆ."

ಫಾನ್ ಕರವಸ್ತ್ರ ಮಡಚಿ ಜೇಬಿಗಿಟ್ಟುಕೊಂಡ. "ನಿಮ್ಮ ಹೆಸ್ರು ಯಾರಿಗೆ ಗೊತ್ತು? ಹೊರದೇಶದೋರು ನಿಮ್ಮ ಹಂದಿಗೂಡಿಗೆ ಬಂದು ಕೇಳ್ತಾರಾ? ಆರು ತಿಂಗಳು ನೋಡ್ತೀನಿ. ಆಮೇಲೆ ನೀವೇ ಚೀಲ ಹೊತ್ಕೊಂಡು ಬರ್ತೀರ."

ಹೊರದೇಶದವರು ಬರುವುದಿಲ್ಲ, ನಿಜ. ತಾನೇ ಹೋದರಾಯಿತು ಎಂದುಕೊಂಡಳು ಲಿಯೆನ್. ಯಾವ ದೇಶ? ಅವಳಿಗೆ ಬರುತ್ತಿದ್ದ ಹೊರಗಿನ ಭಾಷೆ ಒಂದೇ, ಜಪಾನಿ. ಅದೂ ಹನ್ನೆರಡನೇ ವಯಸ್ಸಿನವರೆಗೆ ಶಾಲೆಯಲ್ಲಿ ಕಲಿತದ್ದು. ಯುದ್ಧ ಮುಗಿದು ಜಪಾನಿನವರು ದ್ವೀಪ ಬಿಟ್ಟು ಹೋದ ದಿನ ಅವಳ ಜಪಾನಿ ಅಲ್ಲಿಗೇ ನಿಂತಿತ್ತು. ನಲವತ್ತು ವರ್ಷದಲ್ಲಿ ಒಂದು ಪದವೂ ಬೆಳೆದಿರಲಿಲ್ಲ. ಆ ಬಂಡವಾಳ ಹಿಡಿದುಕೊಂಡು, ಕೈಪೆಟ್ಟಿಗೆಯಲ್ಲಿ ಸ್ಕ್ರೂ, ಸ್ಕ್ರೂಡ್ರೈವರ್, ಜೇನುಪೆಟ್ಟಿಗೆಯ ಹಲಗೆ ತುಂಬಿಕೊಂಡು ಒಸಾಕಾಗೆ ಹೊರಟಳು.

ಅಲ್ಲಿ ಒಂಬತ್ತು ಅಂಗಡಿಯವರು ಅವಳನ್ನು ಬಾಗಿಲಲ್ಲೇ ನಿಲ್ಲಿಸಿ ಕಳಿಸಿದರು. ಹತ್ತನೆಯವನು ಕಿತಾದಾನಿ, ಮನೆ ಕಟ್ಟುವವರಿಗೆ ಸಾಮಾನು ಒದಗಿಸುವ ಸಗಟು ವ್ಯಾಪಾರಿ. ಅರವತ್ತು ದಾಟಿದ ತೆಳ್ಳಗಿನ ಮನುಷ್ಯ. ಅವನೂ ಮೊದಲು ಕೇಳಿದ್ದು, "ನಿಮ್ಮ ಯಜಮಾನ್ರು ಬರ್ಲಿಲ್ವಾ?"

ಲಿಯೆನ್ ನೆಟ್ಟಗೆ ನಿಂತು, ಮಾಸ್ತರರ ಮುಂದೆ ಪಾಠ ಒಪ್ಪಿಸುವ ಹುಡುಗಿಯ ಹಾಗೆ ಗಟ್ಟಿಯಾಗಿ ಹೇಳಿದಳು.

"ಯಜಮಾನರು ತೀರಿಕೊಂಡಿದ್ದಾರೆ. ನಾನೇ ಯಜಮಾನಿ. ಇದು ಹಲಗೆ. ಇದು ಸ್ಕ್ರೂ. ಹಲಗೆಯು ಒಡೆಯುವುದಿಲ್ಲ. ದಯವಿಟ್ಟು ನೋಡಿರಿ."

ಅಂಗಡಿಯ ಗುಮಾಸ್ತರು ಕಿಸಕ್ಕನೆ ನಕ್ಕರು. ಕಿತಾದಾನಿ ನಗಲಿಲ್ಲ. ಅಂಥ ಹಳೇ ಶಾಲಾಪುಸ್ತಕದ ಜಪಾನಿಯನ್ನು ಅವನು ತನ್ನ ಬಾಲ್ಯದ ನಂತರ ಕೇಳಿರಲಿಲ್ಲ. ಸ್ಕ್ರೂಡ್ರೈವರ್ ತೆಗೆದುಕೊಂಡು ತಿರುಗಿಸಿದ. ಒಂದು, ಎರಡು, ಐದು. ಹಿತ್ತಲಿನಿಂದ ಬಡಗಿಯೊಬ್ಬನನ್ನು ಕರೆಸಿ ಅವನ ಕೈಗೂ ಕೊಟ್ಟ. ಬಡಗಿ ಹಲಗೆಯನ್ನು ತಿರುಗಿಸಿ ಮುರುಗಿಸಿ ನೋಡಿ, "ತೂತು ಕೊರೀದೆ ಹೀಗೆ ಹೋಗುತ್ತಾ!" ಎಂದ. ತೂತು ಕೊರೆಯುವ ಕೆಲಸ ತಪ್ಪಿದರೆ ಒಂದು ಮನೆಗೆ ಎರಡು ದಿನ ಉಳಿಯುತ್ತದೆ ಎಂದು ಕಿತಾದಾನಿಗೆ ಯಾರೂ ವಿವರಿಸಬೇಕಾಗಿರಲಿಲ್ಲ.

ಬೆಲೆಯ ಮಾತು ಬಂದಾಗ ಅವನೂ ತಕ್ಕಡಿಯ ಕಡೆ ಕೈ ಚಾಚಿದ. ಲಿಯೆನ್ ತಕ್ಕಡಿಯ ತಟ್ಟೆಯ ಮೇಲೆ ತನ್ನ ಅಂಗೈ ಇಟ್ಟು ಒತ್ತಿ ಹಿಡಿದಳು. "ತೂಕ ಬೇಡ. ಎಣಿಕೆ." ಅರ್ಧ ಗಂಟೆ ಜಗ್ಗಾಡಿದರು. ಕೊನೆಗೆ ಇನ್ನೂರು ಡಬ್ಬಿಯ ಪರೀಕ್ಷಾ ಆರ್ಡರ್ ಆಯಿತು. ಡಬ್ಬಿಗೆ ಐನೂರು, ಒಂದೊಂದಕ್ಕೆ ಇಷ್ಟು ಎಂದು ಬೆಲೆ, ಡಬ್ಬಿಯ ಮೇಲೆ ಅವಳ ಹೆಸರು. ಇದು ಸರಿಹೋದರೆ ಮುಂದೆ ಮಾತಾಡೋಣ ಎಂದ ಕಿತಾದಾನಿ.

ಊರಿಗೆ ಬಂದ ಲಿಯೆನ್ ನೆಲದ ಮೇಲೆ ನಡೆಯಲಿಲ್ಲ. ಮಾನ್-ಚುಗೆ ಮೇಕೆ ಮಾಂಸದ ಸಾರು ಊಟ ಹಾಕಿಸಿದಳು, ಆ-ತೋಗೆ ಒಂದು ಬಾಟಲಿ ಮದ್ಯ ಕೊಟ್ಟಳು. ಮುಂದಿನ ಒಂದೂವರೆ ತಿಂಗಳು ಎರಡು ಯಂತ್ರಗಳೂ ಬಿಡುವಿಲ್ಲದೆ ಬಡಿದವು. ಡಬ್ಬಿ ತುಂಬುವ ದಿನ ಇಬ್ಬರು ಗೆಳತಿಯರೂ ಹಳೆಯ ಮೇಜಿನ ಮುಂದೆ ನಿಂತ ಹಾಗೇ ನಿಂತರು. ಐನೂರಕ್ಕೆ ಎರಡು ಕಿಲೋ ಎಂದು ಮಾನ್-ಚು ತಕ್ಕಡಿಗೆ ಗುರುತು ಹಾಕಿಕೊಂಡಳು. ಸುರಿ, ತೂಗು, ಹಾಕು. ಮೇಲಿಂದ ಐದು ಬೆರಳಿಗೆ ಸಿಕ್ಕಷ್ಟು ಕೊಸರು.

"ಲಿಯೆನಕ್ಕ, ಹೊರದೇಶದೋರಿಗೂ ಕೊಸರು ಹಾಕ್ಲಾ?"

"ಹಾಕದೆ! ಮೊದಲನೇ ವ್ಯಾಪಾರ ಕಣೇ. ನಮ್ಮ ಕೈ ಚಿಕ್ಕದು ಅಂದ್ಕೋಬಾರ್ದು ಅವ್ರು. ಇನ್ನೊಂಚೂರು ಹಾಕು."

ಎಣಿಕೆಗಾಗಿ ಎರಡು ದೇಶದಲ್ಲಿ ಜಗಳ ಕಾದವಳು ಒಂದು ಡಬ್ಬಿಯನ್ನೂ ಎಣಿಸಲಿಲ್ಲ. ಅವಳಿಗೆ ಅದು ಹೊಳೆಯಲೂ ಇಲ್ಲ. ಇಪ್ಪತ್ತಾರು ವರ್ಷ ಒಂದೇ ಕೆಲಸ ಮಾಡಿದ ಕೈ ತಲೆಯನ್ನು ಕೇಳಿ ಕೆಲಸ ಮಾಡುತ್ತದೆಯೇ?

ಮೂರು ವಾರಕ್ಕೆ ಕಿತಾದಾನಿಯ ಕಾಗದ ಬಂತು. ಲಿಯೆನ್ ಕೊಟ್ಟಿಗೆಯ ಬಾಗಿಲಲ್ಲಿ ಕೂತು, ಬೆರಳಿಟ್ಟುಕೊಂಡು ಓದಿದಳು. ಡಬ್ಬಿಗಳನ್ನು ತೆರೆದು ನೋಡಲಾಯಿತು. ಐನೂರು ಎಂದು ಅಚ್ಚಾದ ಡಬ್ಬಿಯಲ್ಲಿ ಐನೂರ ಏಳು, ಐನೂರ ಹದಿನಾಲ್ಕು, ಐನೂರ ಹತ್ತೊಂಬತ್ತು. ನಮ್ಮ ಬಡಗಿಗಳಿಗೆ ಒಂದು ಗೋಡೆಗೆ ಒಂದು ಡಬ್ಬಿ ಎಂದು ಲೆಕ್ಕ. ಡಬ್ಬಿಯಲ್ಲಿ ಸ್ಕ್ರೂ ಉಳಿದರೆ ಎಲ್ಲೋ ಹಾಕುವುದು ಬಿಟ್ಟುಹೋಗಿದೆ ಎಂದು ಅರ್ಥ. ಮೇಸ್ತ್ರಿ ಇಡೀ ಗೋಡೆಯನ್ನು ಮತ್ತೆ ತಪಾಸಣೆ ಮಾಡಬೇಕು. ಹೀಗಾದರೆ ಒಂದೊಂದು ಮನೆಗೂ ಒಂದು ದಿನ ಹಾಳು. ತಮ್ಮ ಎಣಿಕೆಯನ್ನು ತಾವೇ ನಂಬದವರ ಸರಕನ್ನು ಎಣಿಕೆಯ ಬೆಲೆಗೆ ಹೇಗೆ ಕೊಳ್ಳಲಿ? ಸ್ಕ್ರೂ ಒಳ್ಳೆಯದೇ. ಆದ್ದರಿಂದ ಕಿಲೋ ಬೆಲೆಗೆ, ಹೆಸರಿಲ್ಲದ ಬಿಡಿ ಸರಕಾಗಿ ತೆಗೆದುಕೊಳ್ಳಬಲ್ಲೆ. ಒಪ್ಪಿಗೆ ಇಲ್ಲವಾದರೆ ತಿಂಗಳೊಳಗೆ ವಾಪಸು ತರಿಸಿಕೊಳ್ಳಿ.

ಅವಳು ಮೊದಲು ಕಿರುಚಾಡಿದಳು. "ಜಾಸ್ತಿ ಕೊಟ್ಟಿದ್ದಕ್ಕೆ ಬೈತಾನಲ್ಲೇ ಇವನು! ಕಮ್ಮಿ ಕೊಟ್ಟಿದ್ರೆ ಬೈಯೋದು ಸರಿ, ಪುಕ್ಕಟೆ ಕೊಟ್ರೂ ತಪ್ಪಾ? ಇವರೇನು ಅನ್ನ ತಿಂತಾರಾ ಇನ್ನೇನಾದ್ರೂ ತಿಂತಾರಾ?"

ಮಾನ್-ಚು ಅಳುತ್ತ ಕೂತಳು. ನಮ್ಮೂರಲ್ಲಿ ಒಬ್ಬರ ಮನೆಯ ಕಾಗದ ಮೂರು ದಿನದಲ್ಲಿ ಎಲ್ಲರ ಮನೆಯ ಮಾತಾಗುತ್ತದೆ. ನಾಲ್ಕನೇ ದಿನ ಫಾನ್ ಬಂದ. ಈ ಸಲ ಮೂಗಿಗೆ ಕರವಸ್ತ್ರ ಹಿಡಿಯುವ ಗೋಜಿಗೂ ಹೋಗಲಿಲ್ಲ, ಅಷ್ಟು ಖುಷಿಯಲ್ಲಿದ್ದ.

"ಅಲ್ಲಾ ಅಮ್ಮಾವ್ರೇ, ಹೊಸ ಸ್ಕ್ರೂ ಮಾಡಿದ್ರಿ, ಸಂತೋಷ. ಎಣಿಸೋಕೂ ಬರ್ಬೇಕಲ್ವಾ? ಬಿಡಿ, ಇದೆಲ್ಲ ನಮ್ಮಂಥೋರ ಕೆಲ್ಸ. ಒಸಾಕಾದಲ್ಲಿರೋ ಮಾಲು ನಾನೇ ತಗೋತೀನಿ. ಕಿಲೋ ರೇಟು. ಅಚ್ಚು ಎರಡೂ ನನಗೆ ಕೊಡ್ಬೇಕು."

"ಅಚ್ಚು ಯಾಕೆ?"

"ಇನ್ನು ನಿಮಗ್ಯಾಕೆ?"

ಆ ಮಾತನ್ನು ಅವಳು ಮೊದಲೂ ಕೇಳಿದ್ದಳು. ಅದೇ ಗಾಜಿನ ಕೋಣೆ, ಅದೇ ಬೆರಳು, ಅದೇ ಪಕ್ಕಕ್ಕೆ ಸರಿಸಿದ ಹಲಗೆ. ಇವರಿಗೆಲ್ಲ ಅವಳು ಡಬ್ಬಿ ತುಂಬುವವಳೇ, ಎಂದೆಂದಿಗೂ. ಆದರೆ ಈ ಸಲ ಸಿಟ್ಟು ಮಾಡಿಕೊಳ್ಳಲು ಹೋದರೆ ಸಿಟ್ಟು ಅವನ ಮೇಲೆ ಹೋಗಲಿಲ್ಲ. ತನ್ನ ಮೇಲೇ ಬಂತು. ಸ್ಕ್ರೂ ಹೊಸದಾಗಿತ್ತು, ಮಾರುಕಟ್ಟೆ ಹೊಸದಾಗಿತ್ತು, ಕೈ ಮಾತ್ರ ಸು ಕಾರ್ಖಾನೆಯದೇ ಆಗಿತ್ತು. ಒಂದೊಂದಕ್ಕೂ ಬೆಲೆ ಇದೆ ಎಂದು ಬಾಯಲ್ಲಿ ಹೇಳಿ, ಹತ್ತು ಹನ್ನೆರಡನ್ನು ಈರುಳ್ಳಿ ಸೊಪ್ಪಿನ ಹಾಗೆ ಮೇಲಿಂದ ಉದುರಿಸಿದ್ದಳು. ಹಾಗಾದರೆ ಬೆಲೆ ಇಲ್ಲ ಎಂದು ಮೊದಲು ಹೇಳಿದ್ದು ಯಾರು? ಫಾನ್ ಅಲ್ಲ. ಕಿತಾದಾನಿಯೂ ಅಲ್ಲ. ನಾಚಿಕೆಯಿಂದ ಅವಳ ಕಿವಿ ಬಿಸಿಯಾಯಿತು.

"ಫಾನ್ ಸಾಹೇಬ್ರೇ, ಕೂತ್ಕೊಳ್ಳಿ, ಚಹಾ ಕುಡೀರಿ" ಎಂದಳು. ಅವನು ಗೆದ್ದೆ ಎಂದುಕೊಂಡು ಕೂತ. "ಕುಡಿದಾದ ಮೇಲೆ ಹೊರಡಿ. ಅಚ್ಚು ಕೊಡಲ್ಲ. ಮಾಲೂ ಕೊಡಲ್ಲ."

"ಮತ್ತೇನು ಮಾಡ್ತೀರಿ ಅಷ್ಟು ಸ್ಕ್ರೂನ?"

"ಎಣಿಸ್ತೀನಿ."

ಒಂದು ಲಕ್ಷಕ್ಕೂ ಮೇಲಿದ್ದವು. ಬೆರಳಲ್ಲಿ ಎಣಿಸಿದರೆ ತಪ್ಪುತ್ತದೆ, ಬೆರಳನ್ನು ಇನ್ನು ನಂಬುವ ಹಾಗೂ ಇರಲಿಲ್ಲ. ಲಿಯೆನ್ ಆ-ತೋನ ಮನೆಗೆ ಹೋಗಿ, ಜೇನುಪೆಟ್ಟಿಗೆಯ ಹಲಗೆಯಷ್ಟು ಅಗಲದ ಗಟ್ಟಿ ಮಣೆಯ ಮೇಲೆ ಗೆರೆ ಎಳೆದುಕೊಟ್ಟಳು. ಉದ್ದಕ್ಕೆ ಇಪ್ಪತ್ತೈದು, ಅಡ್ಡಕ್ಕೆ ಇಪ್ಪತ್ತು. ಗೆರೆ ಕೂಡಿದಲ್ಲೆಲ್ಲ ಒಂದು ತೂತು, ಸ್ಕ್ರೂವಿನ ಮೈ ಇಳಿಯಬೇಕು, ತಲೆ ನಿಲ್ಲಬೇಕು.

"ಐನೂರು ತೂತಾ? ನನ್ನ ಸೊಂಟ ಬೀಳ್ಲಿ ಅಂತಾನಾ?"

"ಒಂದು ಮಣೆಗೆ ಐನೂರು. ನನಗೆ ಎರಡು ಮಣೆ ಬೇಕು."

ಆ-ತೋ ಬಾಯಿಗೆ ಬಂದಂತೆ ಬೈದ. ಬೈಯುತ್ತಲೇ ಐದು ದಿನದಲ್ಲಿ ಸಾವಿರ ತೂತು ಕೊರೆದುಕೊಟ್ಟ. ಮಣೆಯ ಮೇಲೆ ಸ್ಕ್ರೂ ಸುರಿದು ಮೊರ ಕೇರಿದ ಹಾಗೆ ಅಲ್ಲಾಡಿಸಿದರೆ ಒಂದೊಂದೇ ತೂತಿಗೆ ಇಳಿದು ನಿಲ್ಲುತ್ತಿತ್ತು. ಹೆಚ್ಚಾದದ್ದನ್ನು ಕುಂಚದಲ್ಲಿ ಗುಡಿಸಿದರೆ ಉಳಿದದ್ದು ಸರಿಯಾಗಿ ಐನೂರು. ಒಂದು ತೂತು ಖಾಲಿ ಉಳಿದರೂ ಕಣ್ಣಿಗೆ ರಾಚುತ್ತಿತ್ತು. ಅದನ್ನು ನೋಡಿ ಮಾನ್-ಚು ಮೊದಲ ಸಲ ಅಳು ನಿಲ್ಲಿಸಿದಳು. ಲಿಯೆನ್‌ಳ ಎರಡು ಬಂಗಾರದ ಬಳೆ ಎರಡು ವಿಮಾನದ ಟಿಕೇಟಾದವು.

ಕಿತಾದಾನಿಯ ಉಗ್ರಾಣದಲ್ಲಿ ಅವರಿಬ್ಬರೂ ಚಪ್ಪಲಿ ಬಿಟ್ಟು, ನೆಲಕ್ಕೆ ರಟ್ಟು ಹಾಸಿಕೊಂಡು ಕೂತರು. ಕಿತಾದಾನಿ ಬಾಗಿಲಲ್ಲಿ ನಿಂತು, "ಇದೆಲ್ಲ ಬೇಕಾಗಿರಲಿಲ್ಲ. ಕಿಲೋ ಬೆಲೆಗೆ ತಗೋತೀನಿ ಅಂತ ಬರೆದಿದ್ನಲ್ಲ" ಎಂದ.

ಲಿಯೆನ್ ಎದ್ದು ನಿಂತಳು, ಪಾಠ ಒಪ್ಪಿಸಿದಳು. "ನಾನು ತಪ್ಪು ಮಾಡಿದ್ದೇನೆ. ನಾನು ಎಣಿಸಲಿಲ್ಲ. ಈಗ ಎಣಿಸುತ್ತೇನೆ. ಕಿಲೋ ಬೇಡ." ಮತ್ತೆ ಕೂತಳು.

ಮೂರು ದಿನ. ಸುರಿ, ಅಲ್ಲಾಡಿಸು, ಗುಡಿಸು, ಡಬ್ಬಿಗೆ ಹಾಕು, ಮುಚ್ಚು. ಮೊದಲ ದಿನ ಉಗ್ರಾಣದ ಆಳುಗಳು ಬಂದು ಇಣುಕಿ ಹೋದರು. ಎರಡನೇ ದಿನ ಇಬ್ಬರು ತಮ್ಮ ಬಿಡುವಿನಲ್ಲಿ ಡಬ್ಬಿ ಜೋಡಿಸಿಕೊಟ್ಟರು. ಪ್ರತಿ ಸಲ ಮುಚ್ಚಳ ಹಾಕುವ ಮೊದಲು ಮಾನ್-ಚುವಿನ ಬಲಗೈ ತಾನಾಗಿಯೇ ಹೆಚ್ಚುವರಿ ರಾಶಿಯ ಕಡೆ ಹೋಗುತ್ತಿತ್ತು. ಲಿಯೆನ್ ಆ ಕೈಯ ಮೇಲೆ ಪಟ್ಟೆಂದು ಹೊಡೆಯುತ್ತಿದ್ದಳು. ಆಮೇಲೆ ಲಿಯೆನ್‌ಳ ಕೈಯೇ ಹೋಯಿತು. ಮಾನ್-ಚು ಸೇಡು ತೀರಿಸಿಕೊಂಡಳು. ಇಬ್ಬರೂ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು, ಮತ್ತೆ ಎಣಿಸಿದರು.

ಮೂರನೇ ದಿನ ಸಂಜೆಯ ಹೊತ್ತಿಗೆ ಇನ್ನೂರು ಡಬ್ಬಿ ಗೋಡೆಗೆ ಒರಗಿ ನಿಂತವು. ಕಿತಾದಾನಿ ಬಂದು ಅಲ್ಲಿ ಇಲ್ಲಿ ಕೈ ಹಾಕಿ ಆರು ಡಬ್ಬಿ ಎಳೆದ, ತನ್ನ ಗುಮಾಸ್ತರಿಂದ ಎಣಿಕೆ ಮಾಡಿಸಿದ. ಆರರಲ್ಲೂ ಐನೂರು. ಹಳೆಯ ಒಪ್ಪಂದದ ಬೆಲೆಗೇ ಕಾಗದಕ್ಕೆ ಮೊಹರು ಒತ್ತಿದ. ಆಮೇಲೆ ಅವನ ಕಣ್ಣು ಮೂಲೆಯಲ್ಲಿದ್ದ ಹೆಚ್ಚುವರಿ ರಾಶಿಯ ಮೇಲೆ ಬಿತ್ತು. ಅದನ್ನೂ ಲಿಯೆನ್ ಎಣಿಸಿಟ್ಟಿದ್ದಳು.

"ಇದನ್ನ ಇಲ್ಲೇ ಬಿಟ್ಟು ಹೋಗಿ. ನಮ್ಮ ಹುಡುಗರೂ ಕೈ ಜೋಡಿಸಿದ್ರು, ಅವ್ರಿಗೆ ಹಂಚ್ತೀನಿ. ಹೊತ್ಕೊಂಡು ಹೋಗೋಕೆ ನಿಮಗೂ ಭಾರ."

ಸಣ್ಣ ಮಾತು. ಕೇಳಿದ್ದರಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಲಿಯೆನ್‌ಳ ಕೈ ಆಗಲೇ ಮುಂದೆ ಹೋಗಿತ್ತು. ಕೊಟ್ಟುಬಿಡುವುದು ಅವಳಿಗೆ ಉಸಿರಾಡಿದಷ್ಟು ಸಲೀಸು. ಕೇಳಿದವರಿಗೆ ಇಲ್ಲ ಎಂದು ಆ ಕೈ ಜನ್ಮದಲ್ಲಿ ಹೇಳಿರಲಿಲ್ಲ. ಎರಡು ದಿನ ಡಬ್ಬಿ ಜೋಡಿಸಿಕೊಟ್ಟ ಆಳುಗಳು ಅಲ್ಲೇ ನಿಂತಿದ್ದರು. ಜಿಪುಣಿ ಎಂದುಕೊಳ್ಳುತ್ತಾರೆ, ಹೋಗಲಿ. ಅವಳು ಮುಂದೆ ಹೋದ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು.

"ಇಲ್ಲ" ಎಂದಳು. "ಇವು ಎರಡು ಸಾವಿರದ ಮುನ್ನೂರ ಹದಿನೇಳು ಸ್ಕ್ರೂಗಳು. ಇವನ್ನು ಪುಕ್ಕಟೆ ಕೊಟ್ಟರೆ, ಡಬ್ಬಿಯಲ್ಲಿರುವ ಐನೂರಕ್ಕೂ ಬೆಲೆ ಇರುವುದಿಲ್ಲ. ನಾನು ಕೊಡುವುದಿಲ್ಲ."

ಮಾನ್-ಚುಗೆ ಜಪಾನಿ ಬರುತ್ತಿರಲಿಲ್ಲ, ಆದರೂ ಹೆದರಿ ಲಿಯೆನಕ್ಕನ ಅಂಗಿಯ ತುದಿ ಜಗ್ಗಿದಳು. ಕಿತಾದಾನಿ ರಾಶಿಯಿಂದ ಒಂದು ಸ್ಕ್ರೂ ಎತ್ತಿ ನೋಡಿ, ವಾಪಸು ಅಲ್ಲೇ ಇಟ್ಟ. ಆಮೇಲೆ ಗುಮಾಸ್ತರ ಕಡೆ ತಿರುಗಿ ಆರ್ಡರ್ ಪುಸ್ತಕ ತರಿಸಿದ. ಆರು ನೂರು ಡಬ್ಬಿ ಎಂದು ಬರೆದ. ಡಬ್ಬಿಯ ಮೇಲಿನ ಹೆಸರು ಎಂಬಲ್ಲಿ ನಿಂತು, ಅವಳ ಹೆಸರನ್ನು ಸರಿಯಾಗಿ ಹೇಗೆ ಬರೆಯುವುದು ಎಂದು ಕೇಳಿದ. ಅವಳು ಲೇಖನಿ ತೆಗೆದುಕೊಂಡು ತಾನೇ ಬರೆದಳು. ಇಡೀ ಸಾಲು ತುಂಬುವಷ್ಟು ದೊಡ್ಡದಾಗಿ ಬರೆದಳು.

ಮಾರನೇ ದಿನ ಮಧ್ಯಾಹ್ನ ಕಾವೋಸಿಯುಂಗ್ ವಿಮಾನ ನಿಲ್ದಾಣದ ಸುಂಕದ ಕಟ್ಟೆಯಲ್ಲಿ ಅಧಿಕಾರಿಯೊಬ್ಬ ಅವಳ ಕೈಪೆಟ್ಟಿಗೆ ಎತ್ತಲು ಹೋಗಿ ಮುಗ್ಗರಿಸಿದ. ತೆರೆದು ನೋಡಿದರೆ ಬಟ್ಟೆ ಎರಡೇ ಜೊತೆ, ಉಳಿದದ್ದೆಲ್ಲ ಸ್ಕ್ರೂ.

"ಏನಮ್ಮಾ ಇದು? ಸ್ಕ್ರೂನ ಹೊರದೇಶದಿಂದ ಗಾಂಗ್‌ಶಾನ್‌ಗೆ ಹೊತ್ಕೊಂಡು ಬರೋರನ್ನ ಇದೇ ಮೊದಲು ನೋಡ್ತಿರೋದು. ಗುಜರಿ ಮಾಲಾ?"

ಸರದಿಯಲ್ಲಿದ್ದವರೆಲ್ಲ ನಕ್ಕರು. ಅವನೂ ನಗುತ್ತಲೇ ಸ್ಕ್ರೂ ಚೀಲ ಎತ್ತಿ ತಕ್ಕಡಿಗಿಟ್ಟ. "ಒಂಬತ್ತು ಕಿಲೋ ಚಿಲ್ರೆ" ಎಂದು ನಮೂನೆಯ ಮೇಲೆ ಬರೆಯತೊಡಗಿದ.

ಲಿಯೆನ್ ಕೈ ಚಾಚಿ ಅವನ ಲೇಖನಿ ಕಿತ್ತುಕೊಂಡಳು. ಅವನು ಬಾಯಿ ತೆರೆಯುವುದರೊಳಗೆ ಒಂಬತ್ತನ್ನು ಹೊಡೆದುಹಾಕಿ, ಅದರ ಮೇಲೆ ಎರಡು ಸಾವಿರದ ಮುನ್ನೂರ ಹದಿನೇಳು ಎಂದು ಬರೆದು, ಕಾಗದವನ್ನು ಅವನ ಕಡೆ ತಳ್ಳಿದಳು.

"ಅಮ್ಮಾ, ಇಲ್ಲಿ ಕಿಲೋ ಬರೀಬೇಕು!"

"ಕಿಲೋ ಅಲ್ಲ. ಅನುಮಾನ ಇದ್ರೆ ಎಣಿಸ್ಕೊಳ್ಳಿ ಸಾರ್. ನನಗೇನೂ ಅವಸರ ಇಲ್ಲ" ಎಂದು ಹೇಳಿ ಲಿಯೆನ್, ಮಾನ್-ಚುಗೂ ಕೂರಲು ಜಾಗ ಬಿಟ್ಟು, ಕಟ್ಟೆಯ ಮುಂದೆ ನೆಲದ ಮೇಲೆ ಚಕ್ಕಂಬಕ್ಕಲ ಹಾಕಿ ಕೂತಳು.